ಸಾಕ್ಷಿ ಹೇಳುವ ಮನೆ

ದೇವರ ವಿಷಯಕ್ಕೆ ಜಗಳವಾಗದೆ ಮುಗಿದ ಭಾನುವಾರದ ಊಟ ನಮ್ಮ ಮನೆಯಲ್ಲಿ ಒಂದಾದರೂ ಆಗಿತ್ತೇ ಎಂದು ಯೋಚಿಸಿದರೆ ನನಗೆ ನೆನಪಾಗುವುದಿಲ್ಲ. ಹೂವಿನಹಡಗಲಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಅಂಕಣದ ಮನೆ ನಮ್ಮದು. ಹೊರಗಿನ ಅಂಕಣದಲ್ಲಿ ಒದ್ದೆ ಗೋಣಿತಾಟಿನ ಮೇಲೆ ಮಲ್ಲಿಗೆ ಮೊಗ್ಗಿನ ರಾಶಿ. ಒಳಗಿನ ಅಂಕಣದಲ್ಲಿ ಒಲೆ, ನೀರಿನ ಹಂಡೆ, ಒಂದು ಕಬ್ಬಿಣದ ಮಂಚ ಮತ್ತು ನಾವು ನಾಲ್ಕು ಜನ: ಅಪ್ಪ, ಅವ್ವ, ನಾನು ಮಾರ್ತ, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳಾದ ತಂಗಿ ರೂತಿ. ಅವ್ವ ಮನೆಯಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಬೆಳಿಗ್ಗೆ ಬಿಡಿಸಿದ ಮೊಗ್ಗು ಮಧ್ಯಾಹ್ನದ ಹರಪನಹಳ್ಳಿ ಬಸ್ಸಿಗೆ ಮಾಲೆಯಾಗಿ ಹೋಗಬೇಕಿತ್ತು. ಅಲ್ಲಿಂದ ಮುಂದೆ ಅದು ಗುಡಿಗೋ, ದರ್ಗಾಕ್ಕೋ, ಯಾರದೋ ಮದುವೆಗೋ. ಕ್ರೈಸ್ತರಾದ ನಮಗೆ ಅದರಿಂದ ಯಾವ ತಕರಾರೂ ಇರಲಿಲ್ಲ, ಅಪ್ಪನಿಗೆ ರಕ್ಷಣೆ ಸಿಗುವವರೆಗೆ.

ಅಪ್ಪ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್. ಕಾಂಪೌಂಡರ್ ಸಾಮೇಲಪ್ಪನ ಕೈಯಿಂದ ಚುಚ್ಚಿಸಿಕೊಂಡರೆ ನೋಯುವುದಿಲ್ಲ ಅಂತ ಮಾಗಳ, ಹಿರೇಹಡಗಲಿಯಿಂದ ಬಂದವರೂ ಅವನನ್ನೇ ಕೇಳುತ್ತಿದ್ದರು. ಅದೇ ಕೈ ಸಂಜೆ ಕುಡಿದು ಬಂದು ಅವ್ವನ ಕೂದಲು ಹಿಡಿಯುತ್ತಿತ್ತು. ಒಂದು ಸಲ ಅವಳ ಬಲಗೈ ಹೆಬ್ಬೆರಳು ಮುರಿದ. ಮುರಿದವನೇ ಕೂತು ಬ್ಯಾಂಡೇಜು ಕಟ್ಟಿದ, ಬಹಳ ಅಚ್ಚುಕಟ್ಟಾಗಿ ಕಟ್ಟಿದ. ಅದು ವಾಸಿಯಾಗುವವರೆಗೆ ಅವ್ವ ಉಳಿದ ಬೆರಳುಗಳಲ್ಲೇ ಹೂ ಕಟ್ಟಿದಳು. ಆಮೇಲೆ ಊರಿಗೆ ಒಬ್ಬ ಬ್ರದರ್ ಬಂದರು. ಹರಪನಹಳ್ಳಿ ಕಡೆಯವರು, ಬಿಳಿ ಅಂಗಿ, ಬಿಳಿ ಪ್ಯಾಂಟು. ಬಾಡಿಗೆಯ ಗೋದಾಮಿನಲ್ಲಿ ಸಭೆ ಶುರು ಮಾಡಿದ್ದರು. ಅವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ ದಿನದಿಂದ ಅಪ್ಪ ಕುಡಿಯಲಿಲ್ಲ, ಅವ್ವನ ಮೇಲೆ ಕೈ ಎತ್ತಲಿಲ್ಲ. ಸಭೆಯವರ ಮಾತಿನಲ್ಲಿ ಅವನಿಗೆ ರಕ್ಷಣೆ ಸಿಕ್ಕಿತ್ತು. ಇದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳಿದರೆ ನಾನೂ ಮೋಸಗಾರ್ತಿಯೇ. ದೇವರು ಇಲ್ಲ ಎನ್ನುವ ಬುದ್ಧಿವಂತರು ಈಗಲೂ ನನ್ನ ಮುಂದೆ ನಗುತ್ತಾ ಮಾತಾಡುವಾಗ ನನಗೆ ಮೊದಲು ನೆನಪಾಗುವುದು ಆ ದಿನಗಳು. ಸಂಜೆ ಬಾಗಿಲು ಸದ್ದಾದರೆ ನಾವು ಮೂವರೂ ಮೊದಲಿನಂತೆ ಮಂಚದ ಕೆಳಗೆ ಸೇರುತ್ತಿರಲಿಲ್ಲ. ಆ ಸುಖವನ್ನು ನಮಗೆ ಕೊಟ್ಟದ್ದು ಬ್ರದರ್ ಅವರ ದೇವರೇ.

ಆದರೆ ಆ ದೇವರು ಕೊಟ್ಟದ್ದಕ್ಕಿಂತ ಹೆಚ್ಚು ವಸೂಲಿ ಮಾಡಿದ. ಮೊದಲು ಗೋಡೆಯ ಮೇಲಿದ್ದ ಯೇಸುವಿನ ಫೋಟೋ ಒಲೆಗೆ ಹೋಯಿತು, ಅದೂ ವಿಗ್ರಹವಂತೆ. ಅವ್ವನ ಬಳೆ, ಓಲೆ ಹೋದವು. ದಿನಕ್ಕೆ ಅಷ್ಟೊಂದು ಮಾರು ಹೂ ಕಟ್ಟುವವಳು ತನ್ನ ತುರುಬಿಗೆ ಒಂದು ಮೊಳ ಮುಡಿಯುವ ಹಾಗಿರಲಿಲ್ಲ. ಅಜ್ಜನ ಕಾಲದಿಂದ ನಾವು ಹೋಗುತ್ತಿದ್ದ ಹಳೆಯ ಚರ್ಚು ಅಪ್ಪನ ಬಾಯಲ್ಲಿ ‘ಸತ್ತ ಸಭೆ’ ಆಯಿತು. ಯುಗಾದಿಗೆ ಪಕ್ಕದ ಮನೆಯ ಗೌಡರ ಈರಮ್ಮ ಎಂದಿನಂತೆ ತಟ್ಟೆಯಲ್ಲಿ ಹೋಳಿಗೆ ತಂದಾಗ ಅಪ್ಪ ಅದನ್ನು ತೆಗೆದುಕೊಂಡು, ಅವಳು ನೋಡುತ್ತಿದ್ದಂತೆಯೇ ಹೊರಗೆ ನಿಂತಿದ್ದ ಎಮ್ಮೆಯ ಮುಂದೆ ಸುರಿದ.

“ನಿಮ್ಮ ದೇವರಿಗೆ ಎಡಿ ತೋರಿಸಿದ್ದು ನಾವು ತಿನ್ನಂಗಿಲ್ಲ, ಈರಮ್ಮ. ತಪ್ಪು ತಿಳ್ಕೋಬ್ಯಾಡ.”

ಈರಮ್ಮ ಖಾಲಿ ತಟ್ಟೆಯನ್ನು ಸೆರಗಿನಲ್ಲಿ ಒರೆಸಿಕೊಂಡು ಹೋದಳು. ಅವ್ವ ತಲೆ ಎತ್ತದೆ ಹೂ ಕಟ್ಟುತ್ತಲೇ ಇದ್ದಳು. ಇದ್ದ ಬದ್ದ ಜಗಳವನ್ನೆಲ್ಲ ತಲೆ ಎತ್ತದೆ ದಾಟಿಸುವುದು ಅವಳ ಧರ್ಮವಾಗಿತ್ತು. ಅವಳ ದೇವರು ಯಾರೊಂದಿಗೂ ಮಾತು ಬೆಳೆಸುತ್ತಿರಲಿಲ್ಲ.

ರೂತಿಗೆ ಮೂರ್ಛೆ ರೋಗ. ಆಡುತ್ತಾ ಆಡುತ್ತಾ ಕಣ್ಣು ಮೇಲಕ್ಕೆ ಹೋಗಿ, ಕೈ ಸೆಟೆದು, ದೊಪ್ಪನೆ ಬೀಳುತ್ತಿದ್ದಳು. ಓಣಿಯ ಹೆಂಗಸರು ಓಡಿಬಂದು ಕೈಗೆ ಬೀಗದಕೈ ಹಿಡಿಸುತ್ತಿದ್ದರು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಿದ್ದರು. ಕುಡುಕನಾಗಿದ್ದ ಕಾಲದಲ್ಲೂ ಅಪ್ಪ ಅವಳ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ತಾನೇ ಡಾಕ್ಟರನ್ನು ಕೇಳಿ ತರುತ್ತಿದ್ದ, ತಾನೇ ನುಂಗಿಸುತ್ತಿದ್ದ. ರಕ್ಷಣೆ ಸಿಕ್ಕ ಮೇಲೆ ತಪ್ಪಿಸಿದ. ಸಭೆಯಲ್ಲಿ ಸಾಕ್ಷಿ ಹೇಳುವುದು ಅಂತ ಒಂದು ಪದ್ಧತಿ. ದೇವರು ನಿಮಗೇನು ಮಾಡಿದ ಎಂದು ಎದ್ದು ನಿಂತು ಹೇಳಬೇಕು. ಬ್ರದರ್ ಇದಕ್ಕೆ ಇನ್ನೊಂದು ನಿಯಮ ಸೇರಿಸಿದ್ದರು: ಗುಣವಾಗುವ ಮೊದಲೇ ಗುಣವಾಯಿತು ಅಂತ ಬಾಯಿಬಿಟ್ಟು ಹೇಳಬೇಕು, ಹೇಳಿದ ಮೇಲೆ ಔಷಧಿ ಮುಟ್ಟಬಾರದು, ಮುಟ್ಟಿದರೆ ದೇವರನ್ನು ಸುಳ್ಳುಗಾರನನ್ನಾಗಿ ಮಾಡಿದಂತೆ. ಅಪ್ಪ ಒಂದು ಭಾನುವಾರ ರೂತಿಯನ್ನು ಎತ್ತಿಕೊಂಡು ನಿಂತು ನನ್ನ ಮಗಳಿಗೆ ಗುಣವಾಗಿದೆ ಎಂದ. ಮನೆಗೆ ಬಂದು ಮಾತ್ರೆಯ ಡಬ್ಬಿಯನ್ನು ಬಚ್ಚಲಿಗೆ ಸುರಿದು ಎರಡು ತಂಬಿಗೆ ನೀರು ಹಾಕಿದ. ಆ ವಾರ ರೂತಿ ಎರಡು ಸಲ ಬಿದ್ದಳು. ಅದು ಸೈತಾನನು ಹೊರಟು ಹೋಗುವಾಗ ಕೊಡುವ ಕಾಟವಂತೆ.

ಆಗ ಬಂದವನು ಪ್ರಭು ಮಾವ, ಅವ್ವನ ತಮ್ಮ. ಹಿರೇಹಡಗಲಿಯಲ್ಲಿ ಶಾಲೆ ಮಾಸ್ತರ. ಪ್ರಭುದಾಸ ಅಂತ ಹೆಸರಿಟ್ಟುಕೊಂಡು ಪ್ರಭುವೇ ಇಲ್ಲ ಎನ್ನುತ್ತಿದ್ದ ಮನುಷ್ಯ. ರಜೆಯಲ್ಲಿ ಊರೂರಿಗೆ ಹೋಗಿ, ಕೈಯಿಂದ ಬೂದಿ ಉದುರಿಸಿ, ನಾಲಿಗೆಯ ಮೇಲೆ ಕರ್ಪೂರ ಉರಿಸಿ, ಇದೆಲ್ಲ ಪವಾಡವಲ್ಲ, ಕೈಚಳಕ ಎಂದು ಜನರಿಗೆ ತೋರಿಸುತ್ತಿದ್ದ. ನನಗೂ ರೂತಿಗೂ ಅವನೆಂದರೆ ಪ್ರಾಣ. ಬಂದಾಗಲೆಲ್ಲ ಪೇಪರಿನಲ್ಲಿ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಿದ್ದ. ಆ ಭಾನುವಾರ ಊಟಕ್ಕೆ ಕೂತಾಗ ರೂತಿಯ ಹಣೆಯ ಮೇಲಿನ ಗಾಯ ನೋಡಿದ.

“ಭಾವಾರ, ನೀವು ಕಾಂಪೌಂಡರ್ ಅದೀರೋ, ತಾಯತ ಕಟ್ಟೋರ ಅದೀರೋ?”

“ಲೇ ಪ್ರಭು, ಇಷ್ಟು ವರ್ಷ ಮಾತ್ರಿ ಕೊಟ್ಟಾವ ನಾನು. ಮಾತ್ರಿ ರೋಗಾನ ಮಲಗಸ್ತೈತಿ, ಕಿತ್ತು ಒಗಿಯಂಗಿಲ್ಲ. ಕಿತ್ತು ಒಗಿಯೋ ಡಾಕ್ಟರ ನನಗ ಸಿಕ್ಕಾನ.”

“ಆ ಡಾಕ್ಟರ ಹುಡುಗಿ ಉಳಿದ್ರ ನಾನ ಉಳಿಸಿದೆ ಅಂತಾನ, ಸತ್ರ ನಾನ ಕರ್ಕೊಂಡೆ ಅಂತಾನ. ಅವಂಗ ಎರಡೂ ಕಡಿ ಲಾಭ.”

“ಉಣ್ಣೋ ಹೊತ್ತಿನಾಗ ಸಾವಿನ ಮಾತು ಬ್ಯಾಡ್ರಪ್ಪ,” ಎಂದಳು ಅವ್ವ. “ಪ್ರಭು, ಇನ್ನೊಂದು ರೊಟ್ಟಿ ಹಾಕ್ಲಾ?”

ಅವತ್ತು ಹೊರಡುವಾಗ ಮಾವ ನನ್ನನ್ನು ಓಣಿಯ ತುದಿಯವರೆಗೆ ಕರೆದುಕೊಂಡು ಹೋಗಿ ಒಂದು ಪೊಟ್ಟಣ ಕೊಟ್ಟ.

“ಬೆಳಿಗ್ಗಿ ಒಂದು, ಸಂಜಿಮುಂದ ಒಂದು. ನಿಮ್ಮಪ್ಪಗ ಗೊತ್ತಾಗಬಾರದು. ಒಂದ ದಿನಾನೂ ತಪ್ಪಿಸಬ್ಯಾಡ ಮಾರ್ತಿ, ತಪ್ಪಿಸಿದ್ರ ಮೊದಲಿನಕಿಂತ ಜೋರು ಬರ್ತೈತಿ ಅಂತ ಡಾಕ್ಟರು ಹೇಳ್ಯಾರ.”

ಹನ್ನೊಂದು ವರ್ಷದ ನಾನು ಅವತ್ತಿನಿಂದ ಕಾಂಪೌಂಡರ್ ಆದೆ. ಮಾತ್ರೆಯನ್ನು ಪುಡಿ ಮಾಡಿ ಬೆಲ್ಲದಲ್ಲಿ ಉಂಡೆ ಕಟ್ಟಿ ರೂತಿಯ ಬಾಯಿಗಿಡುತ್ತಿದ್ದೆ. ಬೆಲ್ಲ ಕಹಿ ಎಂದು ಅವಳು ಮುಖ ಕಿವುಚುತ್ತಿದ್ದಳು, ಆದರೂ ಬೆಲ್ಲವೆಂದರೆ ಬಿಡುವವಳಲ್ಲ. ಪೊಟ್ಟಣವನ್ನು ಹೂ ಕಟ್ಟುವ ದಾರದ ಉಂಡೆಯೊಳಗೆ ಇಟ್ಟಿದ್ದೆ. ಮಾತ್ರೆ ತೀರುವ ಹೊತ್ತಿಗೆ ಮಾವ ಇನ್ನೊಂದು ಪೊಟ್ಟಣ ತಂದುಕೊಡುತ್ತಿದ್ದ. ಒಂದು ದಿನ ಆ ಉಂಡೆ ತೀರಿತು. ಶಾಲೆಯಿಂದ ಬಂದು ನೋಡಿದರೆ ಅವ್ವನ ಮುಂದೆ ಹೊಸ ಉಂಡೆ. ಅವ್ವ ಅಂಗಡಿಗೆ ಹೋದಾಗ ಬಿಚ್ಚಿ ನೋಡಿದೆ. ಪೊಟ್ಟಣ ಹೊಸ ಉಂಡೆಯೊಳಗೆ ಭದ್ರವಾಗಿತ್ತು. ಅವಳು ಆ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ, ನಾನೂ ಆಡಲಿಲ್ಲ.

ರೂತಿ ಬೀಳುವುದು ನಿಂತಿತು. ಒಂದು ತಿಂಗಳು, ಎರಡು ತಿಂಗಳು, ಮಳೆಗಾಲ ಪೂರ್ತಿ. ಅಪ್ಪನ ಖುಷಿಗೆ ಮಿತಿಯಿರಲಿಲ್ಲ. ಡಾಕ್ಟರ ಕೆಲಸ ಬಿಟ್ಟು ಬ್ರದರ್ ಜೊತೆ ಟೆಂಪೋ ಹತ್ತಿದ. ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ, ಎಲ್ಲಿ ಕೂಟವಿದ್ದರೂ ರೂತಿಯನ್ನು ವೇದಿಕೆಯ ಮೇಲೆ ನಿಲ್ಲಿಸಿ ತೋರಿಸಬೇಕು. ರೂತಿಗೆ ಅದೆಲ್ಲ ಬಹಳ ಇಷ್ಟವಾಗಿತ್ತು. ಕೂಟ ಮುಗಿದ ಮೇಲೆ ಹೆಂಗಸರು ಅವಳ ತಲೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಂದರೆ, ಮುಟ್ಟಬೇಕಾದರೆ ಪೆಪ್ಪರಮೆಂಟು ಕೊಡಬೇಕು ಅಂತ ಕೈ ಚಾಚುತ್ತಿದ್ದಳು. ಮಾತ್ರೆ ತಪ್ಪಬಾರದು ಅಂತ ನಾನೂ ಹಟ ಮಾಡಿ ಜೊತೆಗೆ ಹೋಗುತ್ತಿದ್ದೆ. ಅದೇ ನನಗೆ ಮುಳುವಾಯಿತು. ತಂಗಿಯ ಪಕ್ಕ ಮಲಗುವವಳು ನೀನು, ನೀನೇ ಸಾಕ್ಷಿ ಹೇಳಬೇಕು ಎಂದರು ಬ್ರದರ್. ಮೈಕು ನನ್ನ ಎತ್ತರಕ್ಕೆ ಇಳಿಸಿದರು. ಕರ್ತನು ನನ್ನ ತಂಗಿಯನ್ನು ಗುಣಪಡಿಸಿದನು ಎಂದೆ. ಜನ ಸ್ತೋತ್ರ ಸ್ತೋತ್ರ ಎಂದು ಕೂಗಿದರು. ಅಪ್ಪ ಅಳುತ್ತಿದ್ದ. ಅಪ್ಪ ನನ್ನ ಕಡೆ ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು. ಸುಳ್ಳಿಗೆ ಅಷ್ಟು ಪ್ರೀತಿ ಸಿಗುವುದಾದರೆ ಹೇಳದೆ ಇರುವುದು ಕಷ್ಟ, ನನಗಂತೂ ಆಗಲಿಲ್ಲ.

ಆದರೆ ನಾನು ದೇವರನ್ನು ನಿಜವಾಗಿ ನಂಬುತ್ತಿದ್ದ ಹುಡುಗಿ. ಅಪ್ಪನ ಹೆದರಿಕೆಗಲ್ಲ, ನನ್ನಷ್ಟಕ್ಕೆ ನಾನೇ ಪ್ರಾರ್ಥನೆ ಮಾಡುತ್ತಿದ್ದೆ. ನಿಜ ಹೇಳಿದರೆ ಮಾತ್ರೆ ನಿಲ್ಲುತ್ತದೆ, ಹೇಳದಿದ್ದರೆ ದೇವರ ಹೆಸರಿನಲ್ಲಿ ಸುಳ್ಳು. ತಡೆಯಲಾರದೆ ಒಂದು ಸಂಜೆ ಹಳೆಯ ಚರ್ಚಿನ ಪಾದ್ರಿ ಅಯ್ಯನವರ ಮನೆಗೆ ಹೋದೆ. ವಯಸ್ಸಾದವರು, ಮೃದು ಮಾತಿನವರು. ಚಹಾ, ಬನ್ನು ಕೊಟ್ಟು ಎಲ್ಲವನ್ನೂ ಕೇಳಿದರು.

“ಮಾತ್ರಿನೂ ದೇವರದ, ಪ್ರಾರ್ಥನಿನೂ ದೇವರದ ಅವ್ವ. ಒಂದಕ್ಕೊಂದು ಜಗಳ ಇಲ್ಲ. ನೀ ಮಾಡೋದು ತಪ್ಪಲ್ಲ.”

ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

“ಹಂಗಂತ ನಮ್ಮಪ್ಪಗ ನೀವು ಹೇಳ್ರಿ ಅಯ್ಯನೋರ. ನೀವು ಹೇಳಿದ್ರ ಕೇಳ್ತಾನ.”

ಅಯ್ಯನವರು ಚಹಾದ ಕಪ್ಪು-ಬಸಿ ಎತ್ತಿ ಆಚೆಗಿಟ್ಟರು.

“ಈಗ ನಾನು ಬಂದ್ರ ನಮ್ಮ ಮಂದೀನ ವಾಪಸ್ ಎಳಿಯಾಕ ಬಂದಾರ ಅಂತಾರ. ಸಭಿ ಸಭಿಗೆ ಜಗಳ ಆಗ್ತೈತಿ. ಸ್ವಲ್ಪ ದಿನ ತಡಿ. ದೇವರು ಮನಸ್ಸು ತಿರುಗಿಸ್ತಾನ.”

ನಾನು ಇಂದು ದೇವರ ಬಗ್ಗೆ ಏನು ನಂಬುತ್ತೇನೋ ಅದರಲ್ಲಿ ಮುಕ್ಕಾಲು ಪಾಲು ಅಯ್ಯನವರು ಹೇಳಿದ ಆ ಮಾತೇ. ಅಂಥ ಸರಿಯಾದ ಮಾತನ್ನು ನನಗೆ ಬೇರೆ ಯಾರೂ ಹೇಳಲಿಲ್ಲ. ಅಷ್ಟು ಸರಿಯಾದ ಮಾತನ್ನು ಇಟ್ಟುಕೊಂಡು ನಮ್ಮ ಮನೆಯವರೆಗೆ ಇನ್ನೂರು ಹೆಜ್ಜೆ ನಡೆಯದ ಆ ಮುದುಕನನ್ನು ನಾನು ಕ್ಷಮಿಸಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ದೊಡ್ಡ ಕೂಟವೆಂದು ಕರಪತ್ರ ಹೊರಟಿತು. ಅದರಲ್ಲಿ ರೂತಿಯ ಫೋಟೋ. ಕೆಳಗೆ, ಔಷಧಿಯಿಲ್ಲದೆ ಮೂರ್ಛೆ ರೋಗದಿಂದ ಬಿಡುಗಡೆಯಾದ ಬಾಲಕಿ ಎಂದು ದಪ್ಪ ಅಕ್ಷರ. ಯಾರೋ ಅದನ್ನು ಹಿರೇಹಡಗಲಿ ಶಾಲೆಯಲ್ಲಿ ಮಾವನ ಕೈಗೆ ಕೊಟ್ಟು ನಕ್ಕಿದ್ದರಂತೆ. ಮಾವ ಕರಪತ್ರ ಹಿಡಿದುಕೊಂಡು ನನ್ನ ಶಾಲೆಗೇ ಬಂದ.

“ನನ್ನ ಮಾತ್ರಿ, ಅವರ ದೇವರ ಹೆಸರು! ಇದನ್ನ ನೋಡಿ ಇನ್ನೆಷ್ಟು ಮಂದಿ ಮಾತ್ರಿ ಬಿಡ್ತಾರ ಗೊತ್ತೇನು? ಇವತ್ತಿಂದ ನಿಲ್ಲಸು.”

“ತಪ್ಪಿಸಬಾರದು ಅಂತ ಡಾಕ್ಟರು ಹೇಳ್ಯಾರ ಅಂದಿದ್ರಿ, ಮಾವ.”

“ಒಂದ್ಸಲ ಬೀಳ್ತಾಳ, ಏಳ್ತಾಳ. ಎಷ್ಟು ಸಲ ಬಿದ್ದು ಎದ್ದಿಲ್ಲ? ಸ್ಟೇಜಿನ ಮ್ಯಾಲ ಎಲ್ಲಾರ ಕಣ್ಣಮುಂದ ಬೀಳಲಿ. ನಿಮ್ಮಪ್ಪಗ ಬುದ್ಧಿ ಬರ್ತೈತಿ, ಆಮ್ಯಾಲ ರಾಜಾರೋಷ ಮಾತ್ರಿ ಕೊಡಬಹುದು. ರೂತಿ ಒಳ್ಳೇದಕ್ಕ ಹೇಳಾಕತ್ತೀನಿ.”

ಮಾವ ಹೇಳಿದ ಅಂತ ನಿಲ್ಲಿಸಿದೆ ಎಂದು ಇಲ್ಲಿ ಬರೆದರೆ ಅದೂ ಒಂದು ಸುಳ್ಳು ಸಾಕ್ಷಿ. ನಾನು ನಿಲ್ಲಿಸಿದ್ದು ನನಗಾಗಿ. ಅಷ್ಟು ಊರಲ್ಲಿ ಅಷ್ಟು ಜನರ ಮುಂದೆ ನಾನು ಹೇಳಿದ್ದು ಒಂದು ವೇಳೆ ನಿಜವೇ ಆಗಿದ್ದರೆ? ಅಪ್ಪನ ಕುಡಿತ ಬಿಡಿಸಿದ ದೇವರು ರೂತಿಯನ್ನೂ ಎಂದೋ ಗುಣಪಡಿಸಿಬಿಟ್ಟು, ನಾನೇ ಸುಮ್ಮನೆ ಮಾತ್ರೆ ತಿನ್ನಿಸುತ್ತಿದ್ದರೆ? ಹಾಗಾದರೆ ನಾನು ಹೇಳಿದ್ದೆಲ್ಲ ಸತ್ಯವಾಗಿಬಿಡುತ್ತದೆ. ಆ ಆಸೆಗೆ ನಿಲ್ಲಿಸಿದೆ. ಅವ್ವ ದಾರದ ಉಂಡೆ ಬಿಚ್ಚುವಾಗ ಪೊಟ್ಟಣ ಕರಗದೆ ಇರುವುದನ್ನು ನೋಡಿರಲೇಬೇಕು. ಕೇಳಲಿಲ್ಲ. ಮೊದಲನೇ ದಿನ ಬರೀ ಬೆಲ್ಲದ ಉಂಡೆ ಕೊಟ್ಟಾಗ ರೂತಿ ಚಪ್ಪರಿಸಿ ತಿಂದು,

“ಅಕ್ಕ, ಇವತ್ತು ಬೆಲ್ಲ ಕಹಿ ಇಲ್ಲ. ನಾಳಿಗೂ ಇದ ಅಂಗಡೀದು ತಾ,” ಎಂದಳು.

ನಾಲ್ಕು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ನಾನು ಬಚ್ಚಲಲ್ಲಿ ನಿಂತು ಕುಣಿದದ್ದು ನೆನಪಿದೆ. ಅಷ್ಟು ಸ್ವಚ್ಛವಾದ ಭಕ್ತಿ ನನಗೆ ಮತ್ತೆಂದೂ ಬರಲಿಲ್ಲ.

ಐದನೆಯ ದಿನ ಕೂಟ. ಮಧ್ಯಾಹ್ನದ ಬಿಸಿಲಿಗೆ ಶಾಮಿಯಾನದ ಕೆಳಗೆ ಸಾವಿರ ಜನ ಬೆವರುತ್ತಿದ್ದರು. ಅವ್ವನೂ ಬಂದಿದ್ದಳು. ಹಿಂದೆ ಕಂಬಕ್ಕೆ ಒರಗಿ ಮಾವ ಕೈಕಟ್ಟಿ ನಿಂತಿದ್ದ. ನಾನು ಮೈಕಿನ ಮುಂದೆ ಬಾಯಿ ತೆರೆಯುವಷ್ಟರಲ್ಲಿ ರೂತಿ ನನ್ನ ಕೈ ಬಿಟ್ಟಳು. ಬಿದ್ದಳು. ಸೆಟೆದಳು. ಒಂದು ಸಲ ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಬಂತು, ಮತ್ತೆ ಬಂತು. ಬ್ರದರ್ ಮೈಕು ಕಸಿದುಕೊಂಡು ದೆವ್ವಕ್ಕೆ ಆಜ್ಞೆ ಮಾಡತೊಡಗಿದರು. ಜನ ಎದ್ದು ನಿಂತು ಕೂಗಿ ಪ್ರಾರ್ಥಿಸಿದರು. ಅಪ್ಪ ಮೊಣಕಾಲೂರಿ ಕೂತ. ಅವನ ಬಲಗೈ ತಾನಾಗಿ ರೂತಿಯ ಮುಂಗೈ ಹಿಡಿದು ನಾಡಿ ನೋಡಿತು. ಇಷ್ಟು ಹೊತ್ತು ನಿಲ್ಲದಿದ್ದರೆ ಏನು ಮಾಡಬೇಕೆಂದು ಆ ಶಾಮಿಯಾನದಲ್ಲಿ ಗೊತ್ತಿದ್ದವನು ಅವನೊಬ್ಬನೇ. ಅವನ ಮುಖ ಬಿಳಿಚಿತು. ಬ್ರದರ್ ಕಡೆ ನೋಡಿದ. ನಾಡಿ ಬಿಟ್ಟು ಎರಡೂ ಕೈಯನ್ನು ಮೇಲಕ್ಕೆತ್ತಿದ. ಹಿಂದಿನಿಂದ ಮಾವ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗುತ್ತಿದ್ದ:

“ನೋಡ್ರಿ, ಎಲ್ಲಾರೂ ಕಣ್ಣಾರೆ ನೋಡ್ರಿ! ಇದ ನಿಮ್ಮ ಪವಾಡ!”

ಅವನು ವೇದಿಕೆಗೆ ಓಡಿ ಬರಬಹುದಿತ್ತು. ಬರಲಿಲ್ಲ, ಭಾಷಣ ಮಾಡುತ್ತಿದ್ದ. ಕೊನೆಗೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆ ಹತ್ತಿ, ಅಪ್ಪನ ಎದೆಗೆ ಕೈಯಿಟ್ಟು ನೂಕಿ, ರೂತಿಯನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು. ಅಷ್ಟು ಹೊತ್ತಿಗೆ ಅರ್ಧ ತಾಸು ಕಳೆದಿತ್ತು. ಡಾಕ್ಟರು ತಮ್ಮ ಕೈಲಾದದ್ದನ್ನು ಮಾಡಿದರು. ದೀಪ ಹಚ್ಚುವ ಹೊತ್ತಿಗೆ ರೂತಿ ಹೋದಳು.

ಮರುದಿನ ಹೆಣ ಹೊರಗಿನ ಅಂಕಣದಲ್ಲಿತ್ತು. ಹೂ ತೆಗೆದು ಗೋಣಿತಾಟು ಮಡಚಿಟ್ಟು ಅಲ್ಲೇ ಮಲಗಿಸಿದ್ದರು. ಸಭೆಯವರು ಒಂದು ಕಡೆ ಕೂತಿದ್ದರು, ಮುಖದಲ್ಲಿ ಕಳೆಯಿರಲಿಲ್ಲ. ಗುಣವಾದ ಹುಡುಗಿ ಯಾಕೆ ಸತ್ತಳು ಎಂಬುದಕ್ಕೆ ಅವರಿಗೆ ಉತ್ತರ ಬೇಕಿತ್ತು. ಬಾಗಿಲ ಹತ್ತಿರ ಅಯ್ಯನವರು, ಅವರ ಹಿಂದೆ ಓಣಿಯವರ ನಡುವೆ ಮಾವ. ಅಪ್ಪ ನನ್ನ ಭುಜ ಹಿಡಿದು ಎಬ್ಬಿಸಿದ.

“ಸಾಕ್ಷಿ ಹೇಳು ಮಾರ್ತಿ. ತಂಗಿ ನಂಬಿಕಿಯಾಗ ಹೋದ್ಲು ಅಂತ ಹೇಳು.”

ನಾನು ಮೊದಲ ಸಲ ನಿಜವಾದ ಸಾಕ್ಷಿ ಹೇಳಿದೆ. ಇಷ್ಟು ದಿನವೂ ಮಾತ್ರೆ ಕೊಡುತ್ತಿದ್ದೆ, ಐದು ದಿನದಿಂದ ನಿಲ್ಲಿಸಿದ್ದೆ, ದೇವರು ನಿಜವಾಗಿ ಗುಣ ಮಾಡಿದ್ದಾನೋ ಇಲ್ಲವೋ ನೋಡಬೇಕಿತ್ತು ಎಂದೆ. ಆಮೇಲೆ ಸಭೆಯವರ ಮುಖದಲ್ಲಿ ಒಂದು ಬಗೆಯ ಸಮಾಧಾನ ಹರಡುವುದನ್ನು ಕಣ್ಣಾರೆ ಕಂಡೆ. ಉತ್ತರ ಸಿಕ್ಕಿತ್ತು. ಬ್ರದರ್ ಮೆಲ್ಲಗೆ, ಬಹಳ ಮೆಲ್ಲಗೆ ಹೇಳಿದರು:

“ದೇವರನ್ನ ಪರೀಕ್ಷೆ ಮಾಡಿದಿ ಮಗಳೇ. ಮನೆಯೊಳಗೇ ಅವಿಶ್ವಾಸ ಇತ್ತು. ಮಾತ್ರೆ ಯಾರು ತಂದುಕೊಟ್ಟರು?”

ನಾನು ಮಾವನ ಕಡೆ ನೋಡಿದೆ. ಸತ್ಯ, ಸತ್ಯ ಎಂದು ಊರೂರು ತಿರುಗುತ್ತಿದ್ದ ಮಾವ ತನ್ನ ಚಪ್ಪಲಿ ನೋಡುತ್ತಿದ್ದ. ಅವ್ವನ ಕಡೆ ನೋಡಿದೆ. ಅವಳು ರೂತಿಯ ಕಾಲಿನ ಬಟ್ಟೆ ಸರಿಮಾಡುತ್ತಿದ್ದಳು.

“ನಾನ ಕದ್ದೆ,” ಎಂದೆ.

ಎರಡು ವರ್ಷ ಯಾರ ಮೇಲೂ ಏಳದಿದ್ದ ಅಪ್ಪನ ಕೈ ಆಗ ಎದ್ದಿತು. ಹೆಣದ ಮುಂದೆಯೇ ಹೊಡೆದ. ಕೂದಲು ಹಿಡಿದು, ಹಳೆಯ ಕಾಲದಲ್ಲಿ ಅವ್ವನಿಗೆ ಹೊಡೆಯುತ್ತಿದ್ದ ಹಾಗೆಯೇ ಹೊಡೆದ. ನನ್ನನ್ನು ಬಿಡಿಸಿದವಳು ಗೌಡರ ಈರಮ್ಮ. ಅಯ್ಯನವರು ಬ್ಯಾಡ್ರಿ, ಬ್ಯಾಡ್ರಿ ಎನ್ನುತ್ತಾ ಬಾಗಿಲಲ್ಲೇ ನಿಂತಿದ್ದರು. ಮಣ್ಣು ಮಾಡುವಾಗ ಅವರು ಬಹಳ ಚೆನ್ನಾಗಿ ಪ್ರಾರ್ಥನೆ ಮಾಡಿದರೆಂದು ಎಲ್ಲರೂ ಹೇಳಿದರು. ಅಪ್ಪ ಆ ವಾರವೇ ಮತ್ತೆ ಕುಡಿಯಲು ಶುರು ಮಾಡಿದ.

ತಿಂಗಳ ಮೇಲೆ ಒಂದು ಮಧ್ಯಾಹ್ನ ಹೂವಿನ ಬುಟ್ಟಿಯನ್ನು ಹರಪನಹಳ್ಳಿ ಬಸ್ಸಿಗೆ ಹಾಕಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಮಾವ ಅಲ್ಲಿ ನನಗಾಗಿಯೇ ಕಾಯುತ್ತಿದ್ದನೆಂದು ಕಾಣುತ್ತದೆ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಬುಟ್ಟಿ ಇಳಿಸಲು ಕೈಹಚ್ಚಿದ.

“ನಾನು ಹೇಳಿದ್ರ ಕೇಸ್ ಆಗ್ತಿತ್ತವ್ವ ಮಾರ್ತಿ. ನೌಕರಿ ಹೋಗ್ತಿತ್ತು. ನೀನು ಸಣ್ಣಾಕಿ, ನಿನಗ ಯಾರೂ ಏನೂ ಮಾಡಂಗಿಲ್ಲ. ಅದಕ್ಕ ಸುಮ್ಮನಾದೆ. ನನ್ನ ಮ್ಯಾಲ ಸಿಟ್ಟೈತೇನು?”

ಅವನ ಕಣ್ಣಲ್ಲಿ ನೀರಿತ್ತು. ಇಲ್ಲ ಮಾವ ಅಂದಿದ್ದರೆ ಅವನು ಅಲ್ಲೇ ಅತ್ತು ಹಗುರಾಗುತ್ತಿದ್ದ. ಅದು ನನಗೆ ಗೊತ್ತಿತ್ತು. ಏನು ಹೇಳಿದರೆ ಅವನಿಗೆ ಹೆಚ್ಚು ನೋಯುತ್ತದೆ ಅಂತಲೂ ಗೊತ್ತಿತ್ತು.

“ದೇವರು ನೋಡ್ಯಾನ ಬಿಡ್ರಿ, ಮಾವ,” ಎಂದೆ.

ದೇವರು ಎಲ್ಲಿದ್ದಾನೆ ಅಂತ ಅವನು ಕೇಳಲಿಲ್ಲ. ಅವನ ಮುಖ, ನಾಡಿ ಹಿಡಿದಾಗ ಅಪ್ಪನ ಮುಖ ಆದ ಹಾಗೆಯೇ ಬಿಳಿಚಿತು. ನನ್ನ ಮನಸ್ಸಿನಲ್ಲಿ ಆ ಗಳಿಗೆ ರೂತಿಯಿರಲಿಲ್ಲ, ಭಕ್ತಿಯೂ ಇರಲಿಲ್ಲ. ಏಟು ಸರಿಯಾದ ಜಾಗಕ್ಕೆ ಬಿತ್ತು ಎಂಬ ಖುಷಿ ಮಾತ್ರ ಇತ್ತು. ನಾನು ಇಂದಿಗೂ ಪ್ರಾರ್ಥನೆ ಮಾಡುತ್ತೇನೆ, ಹಳೆಯ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ, ಆದರೆ ದೇವರ ಹೆಸರು ನನ್ನ ಬಾಯಿಗೆ ಬಂದಾಗಲೆಲ್ಲ ಯಾರಿಗೆ ಹೊಡೆಯಲು ಬಂತು ಅಂತ ಮೊದಲು ನೋಡಿಕೊಳ್ಳುತ್ತೇನೆ. ಅವತ್ತು ಅಷ್ಟರಲ್ಲಿ ಬಸ್ಸು ಶುರುವಾಯಿತು, ಇಂಜಿನ್ನಿನ ಗದ್ದಲ. ಮಾವ ಇನ್ನೂ ಅಲ್ಲೇ ನಿಂತಿದ್ದ. ಅವನಿಗೆ ಎಲ್ಲಿ ಕೇಳಿಸದೆ ಹೋಯಿತೋ ಎಂದು, ಹತ್ತಿರ ಹೋಗಿ ಅದೇ ಮಾತನ್ನು ಇನ್ನೊಂದು ಸಲ ಹೇಳಿದೆ.